ಗಲ್ಲು ಮತ್ತು ಗಡುವು: ಭಾರತದಲ್ಲಿ ಕ್ಷಮಾದಾನದ ಚರಿತ್ರೆ

ಮರಣದಂಡನೆಗೆ ಗುರಿಯಾದವನಿಗೆ ತೀರ್ಪಿನ ಬಳಿಕವೂ ಕೆಲವು ದಿನಗಳ ಅವಕಾಶ ದೊರೆಯಬೇಕೆಂಬ ರಾಜಾಜ್ಞೆ ಅಶೋಕನ ನಾಲ್ಕನೆಯ ಸ್ತಂಭಶಾಸನದಲ್ಲಿದೆ. ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಬರೆಯಿಸಿದ ಆ ಶಾಸನದಲ್ಲಿ ಅಶೋಕನು ನ್ಯಾಯನಿರ್ಣಯದ ಹೊಣೆಯನ್ನು ರಜ್ಜುಕರೆಂಬ ಅಧಿಕಾರಿಗಳಿಗೆ ಒಪ್ಪಿಸಿ, ಸೆರೆಯಲ್ಲಿದ್ದು ಮರಣಶಿಕ್ಷೆ ವಿಧಿಸಲ್ಪಟ್ಟವರಿಗೆ ಮೂರು ದಿನಗಳ ಬಿಡುವನ್ನು ಕೊಡುತ್ತಾನೆ. ಆ ಮೂರು ದಿನಗಳಲ್ಲಿ ಬಂಧುಗಳು ಅಧಿಕಾರಿಗಳ ಬಳಿ ಹೋಗಿ ಜೀವ ಉಳಿಸುವಂತೆ ಮೊರೆಯಿಡಬಹುದು, ಮೊರೆಯಿಡುವವರೇ ಇಲ್ಲದಿದ್ದರೆ ಅಪರಾಧಿಯು ದಾನವನ್ನೋ ಉಪವಾಸವನ್ನೋ ಕೈಗೊಂಡು ಪರಲೋಕಕ್ಕೆ ಸಿದ್ಧನಾಗಬಹುದು ಎಂಬುದು ಅದರ ಆಶಯ. ಇಲ್ಲಿ ಅರಸನು ಶಿಕ್ಷೆಯನ್ನು ರದ್ದುಮಾಡಿಲ್ಲ, ಮರಣದಂಡನೆಯನ್ನು ನಿಷೇಧಿಸಿಯೂ ಇಲ್ಲ. ಅವನು ಕೊಟ್ಟದ್ದು ಕಾಲವನ್ನು. ಮುಂದಿನ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಕ್ಷಮೆಯ ಅಧಿಕಾರ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯ ಬೆನ್ನಿಗೇ, ಅದನ್ನು ಎಷ್ಟು ಕಾಲದೊಳಗೆ ಚಲಾಯಿಸಬೇಕೆಂಬ ಪ್ರಶ್ನೆಯೂ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತಲೇ ಇದೆ.

ಅಶೋಕನ ಶಾಸನಗಳಲ್ಲಿ ಬಿಡುಗಡೆಯ ಪ್ರಸ್ತಾಪ ಇದೊಂದೇ ಅಲ್ಲ. ಐದನೆಯ ಸ್ತಂಭಶಾಸನದ ಕೊನೆಯಲ್ಲಿ, ಪಟ್ಟವೇರಿದ ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಬಾರಿ ಸೆರೆಯಾಳುಗಳನ್ನು ಬಿಡುಗಡೆ ಮಾಡಿಸಿದ ಲೆಕ್ಕವಿದೆ. ಐದನೆಯ ಶಿಲಾಶಾಸನವು ಧರ್ಮಮಹಾಮಾತ್ರರೆಂಬ ಅಧಿಕಾರಿಗಳ ಕೆಲಸಗಳನ್ನು ಎಣಿಸುವಾಗ, ಮಕ್ಕಳೊಂದಿಗರೂ ವೃದ್ಧರೂ ಆದ ಬಂದಿಗಳ ಸಂಕಲೆ ಬಿಡಿಸುವುದನ್ನೂ ಸೇರಿಸುತ್ತದೆ. ಆದರೆ ಕನ್ನಡ ನಾಡಿಗೆ ನೇರವಾಗಿ ಸಂಬಂಧಿಸಿದ ಸಾಕ್ಷ್ಯವು ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಸನ್ನತಿಯಲ್ಲಿದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು 1986ರಲ್ಲಿ ಬೆಳಕಿಗೆ ಬಂತು; ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ಕೊರೆದ ಕುಳಿಗೆ ಅಕ್ಷರಗಳ ಒಂದು ಭಾಗ ಬಲಿಯಾಗಿತ್ತು. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು 'ಪ್ರತ್ಯೇಕ ಶಾಸನ'ಗಳ ಪಾಠವು ಈ ಚಪ್ಪಡಿಯಲ್ಲಿಯೂ ಇರುವುದು ವಿದ್ವಾಂಸರಿಗೆ ಅಚ್ಚರಿ ತಂದಿತು.

ಆ ಎರಡರಲ್ಲಿ ಮೊದಲನೆಯದು ನಗರದ ನ್ಯಾಯಾಧಿಕಾರಿಗಳನ್ನು ಉದ್ದೇಶಿಸಿದ್ದು. ಯಾರೊಬ್ಬರೂ ಕಾರಣವಿಲ್ಲದೆ ಸೆರೆಯನ್ನಾಗಲಿ ಹಿಂಸೆಯನ್ನಾಗಲಿ ಅನುಭವಿಸಬಾರದೆಂದು ವಿಧಿಸುವ ಈ ಶಾಸನವು, ಹುಲ್ಟ್ಸ್ ಮೊದಲಾದ ವಿದ್ವಾಂಸರು ಓದಿರುವಂತೆ, ಒಬ್ಬನಿಗೆ ಹೇಗೋ ಬಿಡುಗಡೆಯ ಆಜ್ಞೆ ದೊರೆತು ಅವನಂತೆಯೇ ನರಳುತ್ತಿರುವ ಇತರ ಅನೇಕರು ಒಳಗೇ ಉಳಿಯುವ ಸ್ಥಿತಿಯನ್ನು ದೋಷವೆಂದು ಎತ್ತಿ ತೋರಿಸುತ್ತದೆ. ಅಧಿಕಾರಿಗಳು ಮಧ್ಯಸ್ಥ ದೃಷ್ಟಿಯಿಂದ ನಡೆಯಲಾಗದಿರುವುದಕ್ಕೆ ಕೊಡುವ ಕಾರಣಗಳಲ್ಲಿ ಅಸೂಯೆ, ಕೋಪ, ಕ್ರೌರ್ಯಗಳ ಜೊತೆಗೆ ಆತುರ, ಅಭ್ಯಾಸದ ಕೊರತೆ, ಸೋಮಾರಿತನ ಮತ್ತು ದಣಿವುಗಳೂ ಸೇರಿರುವುದು ಗಮನಾರ್ಹ. ಕ್ಷಮೆ ಅದೃಷ್ಟದಂತೆ ಒಬ್ಬಿಬ್ಬರಿಗೆ ಮಾತ್ರ ಒಲಿದರೆ ಅದೂ ಒಂದು ಬಗೆಯ ಅನ್ಯಾಯವೇ ಎಂಬ ಈ ಅರಿವು, ಆಡಳಿತವನ್ನು ಒಳಗಿನಿಂದ ಬಲ್ಲವನಿಗಷ್ಟೇ ಸಾಧ್ಯವಾಗುವಂಥದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಿಡುಗಡೆಯ ವಿಷಯ ಹೆಚ್ಚು ವ್ಯಾವಹಾರಿಕವಾಗಿದೆ. ಅರಸನ ಜನ್ಮನಕ್ಷತ್ರದ ದಿನ ಮತ್ತು ಹುಣ್ಣಿಮೆಗಳಂದು ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರನ್ನು ಸೆರೆಮನೆಯಿಂದ ಬಿಡಬೇಕೆಂದೂ, ಹೊಸ ನಾಡು ಕೈವಶವಾದಾಗ, ಯುವರಾಜನಿಗೆ ಪಟ್ಟವಾದಾಗ, ಅರಸನಿಗೆ ಮಗ ಹುಟ್ಟಿದಾಗ ಬಂದಿಗಳ ವಿಮೋಚನೆ ಆಗಬೇಕೆಂದೂ ಆ ಗ್ರಂಥ ಹೇಳುತ್ತದೆ. ಇಲ್ಲಿ ಬಿಡುಗಡೆಗೆ ಕಾರಣ ಅಪರಾಧಿಯ ಸ್ಥಿತಿಯೂ ಹೌದು, ಅರಮನೆಯ ಸಂಭ್ರಮವೂ ಹೌದು. ಇದಕ್ಕೆ ಎದುರಾಗಿ, ಕಳ್ಳನನ್ನು ಶಿಕ್ಷಿಸಿದರೂ ಬಿಟ್ಟರೂ ಅವನು ಪಾಪಮುಕ್ತನಾಗುತ್ತಾನೆ, ಆದರೆ ಶಿಕ್ಷಿಸದೆ ಬಿಟ್ಟ ಅರಸನಿಗೆ ಆ ಪಾಪ ಅಂಟುತ್ತದೆ ಎಂಬ ಮನುಸ್ಮೃತಿಯ ವಿಧಿಯನ್ನು ಇಟ್ಟು ನೋಡಿದರೆ, ಪ್ರಾಚೀನ ಚಿಂತನೆಯಲ್ಲಿ ಕ್ಷಮೆಯು ಪುಕ್ಕಟೆಯ ಔದಾರ್ಯವಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ದಖ್ಖನಿನ ನಂತರದ ಆಡಳಿತಗಳಲ್ಲಿ ಇದೇ ಕೆಲಸಕ್ಕೆ ಒದಗಿದ ಒಂದು ಸಾಧನ ಕೌಲು. ಇಂದಿನ ಓದುಗರು ಕೌಲನ್ನು ಹೆಚ್ಚಾಗಿ ಜಮೀನಿನ ಗುತ್ತಿಗೆಯ ಕರಾರೆಂದು ಅರಿತಿದ್ದರೂ, ಅದು ಮೂಲತಃ ಆಳುವವನು ಲಿಖಿತವಾಗಿ ಕೊಡುತ್ತಿದ್ದ ಯಾವುದೇ ಭರವಸೆ. ಯುದ್ಧಕ್ಕೋ ತೆರಿಗೆಯ ಒತ್ತಡಕ್ಕೋ ಊರು ಬಿಟ್ಟ ರೈತರು ಮರಳಿ ಬಂದರೆ ಕಿರುಕುಳವಿಲ್ಲವೆಂದು, ಕೋಟೆಯೊಳಗಿನವರು ಶರಣಾದರೆ ಪ್ರಾಣಭಯವಿಲ್ಲವೆಂದು, ದಂಗೆಯೆದ್ದವರು ಶಸ್ತ್ರ ಕೆಳಗಿಟ್ಟರೆ ಹಿಂದಿನದನ್ನು ಎಣಿಸುವುದಿಲ್ಲವೆಂದು ಕೌಲು ಬರೆದುಕೊಡುವ ರೂಢಿಯನ್ನು ಈಸ್ಟ್ ಇಂಡಿಯಾ ಕಂಪನಿಯೂ ಮುಂದುವರಿಸಿತು.

ದೇಶವ್ಯಾಪಿಯಾದ ಸಾರ್ವತ್ರಿಕ ಕ್ಷಮಾದಾನ, ಅಂದರೆ ವಿಚಾರಣೆ ನಡೆಸದೆಯೇ ಒಂದು ಇಡೀ ವರ್ಗದ ಜನರ ಅಪರಾಧವನ್ನು ಮನ್ನಿಸುವ ಘೋಷಣೆ, ಹೊರಬಿದ್ದದ್ದು 1858ರ ನವೆಂಬರ್ 1ರಂದು. ಕಂಪನಿಯ ಆಳ್ವಿಕೆಯನ್ನು ಕೊನೆಗಾಣಿಸಿದ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಗವರ್ನರ್ ಜನರಲ್ ಕ್ಯಾನಿಂಗ್ ಅಲಹಾಬಾದಿನಲ್ಲಿ ಪ್ರಕಟಿಸಿದನು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಭಾಗಿಯಾದವರಿಗೆ ಕ್ಷಮೆಯಿಲ್ಲ. ಅಂಥವರಿಗೆ ತಿಳಿದೂ ಆಶ್ರಯ ಕೊಟ್ಟವರಿಗೆ ಮತ್ತು 1857ರ ದಂಗೆಯ ಮುಂದಾಳುಗಳಿಗೆ ಪ್ರಾಣದ ಭರವಸೆ ಮಾತ್ರ. ಉಳಿದವರು 1859ರ ಜನವರಿ 1ರೊಳಗೆ ಮನೆಗಳಿಗೆ ಮರಳಿ ಶಾಂತಿಯಿಂದ ಬಾಳಿದರೆ ಪೂರ್ಣ ಕ್ಷಮೆ ಎಂಬುದು ಅದರ ಷರತ್ತು. ಕ್ಷಮೆಗೆ ಕೊನೆಯ ದಿನಾಂಕವನ್ನು ಗೊತ್ತುಪಡಿಸಿದ ಈ ಘೋಷಣೆ ರಾಜಕೀಯ ಲೆಕ್ಕಾಚಾರವೇ ಸರಿ. ಅವಧದಲ್ಲಿ ಇನ್ನೂ ಹೋರಾಡುತ್ತಿದ್ದ ಬೇಗಂ ಹಜರತ್ ಮಹಲ್ ಇದಕ್ಕೆ ಪ್ರತಿಘೋಷಣೆ ಹೊರಡಿಸಿ, ಇಂಗ್ಲಿಷರ ಕ್ಷಮೆಯನ್ನು ನಂಬಬಾರದೆಂದು ಜನರನ್ನು ಎಚ್ಚರಿಸಿದಳು. ಇತ್ತ ಕರ್ನಾಟಕದಲ್ಲಿ ರಾಣಿಯ ಘೋಷಣೆ ಬರುವ ಹೊತ್ತಿಗೆ ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯ ಬೇಡರನ್ನು ಗಲ್ಲಿಗೇರಿಸಿ ವರ್ಷವಾಗುತ್ತ ಬಂದಿತ್ತು, ನರಗುಂದದ ಅರಸ ಬಾಬಾಸಾಹೇಬನು ಬೆಳಗಾವಿಯಲ್ಲಿ ಗಲ್ಲಿಗೇರಿ ಐದು ತಿಂಗಳಾಗುತ್ತಿತ್ತು. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಹತ್ಯೆಗೆ ಕಾರಣನಾದ ಬಾಬಾಸಾಹೇಬನು ಬದುಕಿದ್ದರೂ ಆ ಘೋಷಣೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಸುರಪುರದ ರಾಜಾ ವೆಂಕಟಪ್ಪ ನಾಯಕನ ಪ್ರಕರಣವು ಇದಕ್ಕಿಂತ ಜಟಿಲವಾದುದು, ವಸಾಹತು ಕಾಲದ ಕ್ಷಮೆಯ ಒಳಮನೆಯನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬೇಡ ಅರಸನ ಪರವಾಗಿ ಸಂಸ್ಥಾನದ ಆಡಳಿತವನ್ನು ಹಲವು ವರ್ಷ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. 1858ರ ಫೆಬ್ರವರಿಯಲ್ಲಿ ದಂಗೆಯೆದ್ದ ಸುರಪುರದ ಮೇಲೆ ಬ್ರಿಟಿಷ್ ಸೈನ್ಯ ನುಗ್ಗಿದಾಗ ವೆಂಕಟಪ್ಪ ನಾಯಕನು ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸೆರೆಸಿಕ್ಕನು. ಸೈನಿಕ ನ್ಯಾಯಮಂಡಳಿ ಮರಣದಂಡನೆ ವಿಧಿಸಿತು. ನಿಜಾಮನ ದರಬಾರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಡೇವಿಡ್ಸನ್ ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದನು. ಕಡತವು ಗವರ್ನರ್ ಜನರಲ್‌ನ ಬಳಿಗೆ ಹೋದ ಮೇಲೆ ಶಿಕ್ಷೆ ಇನ್ನೂ ಇಳಿದು, ಮದ್ರಾಸಿನ ಸಮೀಪದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆ ಎಂದಾಯಿತು. ನಡತೆ ತಿದ್ದಿಕೊಂಡರೆ ಸಂಸ್ಥಾನವನ್ನು ಮರಳಿ ಕೊಡುವ ಸೂಚನೆಯೂ ಅದರಲ್ಲಿತ್ತು. ಕೆಲವೇ ವಾರಗಳಲ್ಲಿ ಗಲ್ಲಿನಿಂದ ಗಡಿಪಾರಿಗೆ, ಗಡಿಪಾರಿನಿಂದ ನಾಲ್ಕು ವರ್ಷದ ಸೆರೆಗೆ ಇಳಿದ ಈ ದಯೆಗೆ ಯುವಕನ ವಯಸ್ಸು, ಅವನು ಇತರರ ಪ್ರೇರಣೆಗೆ ಒಳಗಾದನೆಂಬ ನಂಬಿಕೆ, ಟೇಲರ್‌ನ ಮಾತು ಇವೆಲ್ಲ ಕಾರಣವಾಗಿರಬಹುದಾದರೂ, ಒಬ್ಬ ಅರಸನನ್ನು ಗಲ್ಲಿಗೇರಿಸುವುದಕ್ಕಿಂತ ಋಣಿಯಾಗಿಸಿಕೊಳ್ಳುವುದು ಲಾಭಕರವೆಂಬ ಎಣಿಕೆಯೂ ಇದ್ದಿರಬೇಕು. ಆದರೆ ಮೇ ತಿಂಗಳಲ್ಲಿ ಸಿಕಂದರಾಬಾದಿನಿಂದ ಹೊರಟ ಮೊದಲ ತಂಗುದಾಣದಲ್ಲಿಯೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪ ನಾಯಕನು ಸತ್ತನು. ಆತನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆದಿದ್ದಾನೆ. ಅದು ಕೊಲೆಯೆಂಬ ವಾದವೂ ಕನ್ನಡದಲ್ಲಿ ಬಲವಾಗಿ ಉಳಿದಿದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಎರಡು ಹಂತಗಳಲ್ಲಿ ದೊರೆತ ದಯೆ ಅನುಭವಕ್ಕೆ ಬರುವ ಮೊದಲೇ ವ್ಯರ್ಥವಾದದ್ದು ನಿಜ. ಸಂಸ್ಥಾನವು ಮುಂದೆ ನಿಜಾಮನಿಗೆ ಸೇರಿತು.

ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಕ್ಷಮೆಯು ಕೊಡುವವನಿಗೂ ಪಡೆಯುವವನಿಗೂ ಮುಜುಗರದ ವಸ್ತುವಾಯಿತು. 1919ರ ಡಿಸೆಂಬರಿನಲ್ಲಿ, ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ವರ್ಷವೇ, ಐದನೆಯ ಜಾರ್ಜ್ ರಾಜಕೀಯ ಕೈದಿಗಳಿಗೆ ದಯೆ ತೋರುವ ಘೋಷಣೆ ಹೊರಡಿಸಿದ ಪರಿಣಾಮವಾಗಿ ಅಂಡಮಾನಿನಲ್ಲಿದ್ದ ಬಾರೀಂದ್ರ ಘೋಷ್ ಮೊದಲಾದವರು ಹೊರಬಂದರು. ಒಂದು ದಶಕದ ನಂತರ ಭಗತ್ ಸಿಂಗ್ ದಯೆಯನ್ನು ಕೇಳುವುದನ್ನೇ ನಿರಾಕರಿಸಿದನು; ತಾನು ಯುದ್ಧ ಹೂಡಿದವನೆಂದು ತೀರ್ಪು ಹೇಳಿರುವುದರಿಂದ ಗಲ್ಲಿಗೇರಿಸದೆ ಸೈನಿಕರಿಂದ ಗುಂಡಿಕ್ಕಿಸಬೇಕೆಂದು ಪಂಜಾಬಿನ ಗವರ್ನರ್‌ಗೆ ಬರೆದನು. 1931ರ ಮಾರ್ಚ್ 23ರಂದು ಅವನನ್ನು ಗಲ್ಲಿಗೇರಿಸಲಾಯಿತು. ಸಂಸ್ಥಾನಗಳಲ್ಲಿ ಈ ಅಧಿಕಾರ ಅರಸರದಾಗಿತ್ತು. 1942ರಲ್ಲಿ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದ ಶಿವಮೊಗ್ಗ ಜಿಲ್ಲೆಯ ಈಸೂರಿನ ಐವರಿಗೆ ಮೈಸೂರು ಸಂಸ್ಥಾನದಲ್ಲಿ ಕ್ಷಮೆ ದೊರೆಯಲಿಲ್ಲ. ಅವರು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ಸ್ವತಂತ್ರ ಭಾರತದ ಮೊದಲ ದೊಡ್ಡ ಪರೀಕ್ಷೆ ಬಂದದ್ದು ಗಾಂಧೀಜಿಯವರ ಹಂತಕರ ವಿಷಯದಲ್ಲಿ. ಗಾಂಧೀಜಿಯವರ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸರೇ ಗಲ್ಲುಶಿಕ್ಷೆ ಬೇಡವೆಂದು ಕೇಳಿಕೊಂಡರೂ ಗವರ್ನರ್ ಜನರಲ್ ರಾಜಾಜಿಯವರು ಒಪ್ಪಲಿಲ್ಲ, 1949ರ ನವೆಂಬರ್ 15ರಂದು ಶಿಕ್ಷೆ ಜಾರಿಯಾಯಿತು.

ಅದೇ ತಿಂಗಳು ಅಂಗೀಕಾರವಾದ ಸಂವಿಧಾನದ 72ನೆಯ ಅನುಚ್ಛೇದವು ರಾಷ್ಟ್ರಪತಿಗೂ 161ನೆಯದು ರಾಜ್ಯಪಾಲರಿಗೂ ಈ ಅಧಿಕಾರವನ್ನು ಕೊಟ್ಟವು. ಪದಬಂಧದ ನಾಲ್ಕು ಚೌಕಗಳಿಗೆ 'ಕ್ಷಮಾದಾನ' ಎಂಬ ಒಂದು ಉತ್ತರ ಸಾಕಾದೀತು, ಕಾನೂನಿಗೆ ಸಾಲದು; ಅಲ್ಲಿ ಐದು ಬೇರೆ ಬೇರೆ ಕ್ರಿಯೆಗಳಿವೆ. ಪೂರ್ಣ ಕ್ಷಮೆಯಾದರೆ ಅಪರಾಧ ಮತ್ತು ಶಿಕ್ಷೆ ಎರಡೂ ಅಳಿಯುತ್ತವೆ. ಶಿಕ್ಷೆಯ ಜಾರಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು ಎರಡನೆಯದು. ಗರ್ಭಿಣಿಯೆಂಬಂಥ ವಿಶೇಷ ಕಾರಣಕ್ಕಾಗಿ ಕಡಿಮೆ ಶಿಕ್ಷೆ ಕೊಡುವುದು ಮೂರನೆಯದು. ಶಿಕ್ಷೆಯ ಸ್ವರೂಪ ಬದಲಿಸದೆ ಅವಧಿಯನ್ನಷ್ಟೇ ಇಳಿಸುವ ನಾಲ್ಕನೆಯದನ್ನು ಜೈಲಿನ ಆಡುಮಾತಿನಲ್ಲಿ ಮಾಫಿ ಎನ್ನುತ್ತಾರೆ. ಗಲ್ಲನ್ನು ಜೀವಾವಧಿಯನ್ನಾಗಿ ಮಾಡುವಂತೆ ಶಿಕ್ಷೆಯ ಸ್ವರೂಪವನ್ನೇ ಬದಲಿಸುವ ಪರಿವರ್ತನೆ ಐದನೆಯದು. ಸಹ ಆರೋಪಿಗಳ ವಿರುದ್ಧ ಸತ್ಯ ನುಡಿಯುವ ಷರತ್ತಿನ ಮೇಲೆ ನ್ಯಾಯಾಲಯವೇ ಕ್ಷಮಿಸುವ ಮಾಫಿಸಾಕ್ಷಿಯದು ಇವೆಲ್ಲಕ್ಕಿಂತ ಭಿನ್ನವಾದ ವ್ಯವಸ್ಥೆ.

ರಾಜ್ಯಪಾಲರಿಗೂ ಈ ಅಧಿಕಾರ ಬೇಕೇ ಎಂಬುದು ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಚರ್ಚೆಗೆ ಬಂತು. ಅದು ರಾಷ್ಟ್ರಪತಿಯೊಬ್ಬರದೇ ಆಗಿರಲಿ ಎಂಬ ವಾದಕ್ಕೆ, ಪ್ರಾಂತಗಳು ಮೊದಲಿನಿಂದಲೂ ಚಲಾಯಿಸುತ್ತ ಬಂದಿರುವ ಮತ್ತು ಸ್ಥಳದ ಸಂಗತಿಗಳನ್ನು ಬಲ್ಲವರ ಸಲಹೆಯಿಂದ ನಡೆಯುವ ಅಧಿಕಾರವನ್ನು ಕಿತ್ತುಕೊಳ್ಳುವುದು ಸರಿಯಲ್ಲವೆಂದು ಅಂಬೇಡ್ಕರ್ ಉತ್ತರಿಸಿದರು. ಆ ಅಧಿಕಾರ ಎಲ್ಲಿಯವರೆಗೆ ಚಾಚಬಲ್ಲದೆಂಬುದನ್ನು ತೋರಿಸಿದ್ದು ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣ. 1960ರ ಮಾರ್ಚ್ 11ರಂದು ಬಾಂಬೆ ಹೈಕೋರ್ಟ್ ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆ ವಿಧಿಸಿದ ದಿನವೇ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ತಡೆಹಿಡಿದು ನೌಕಾಪಡೆಯ ವಶದಲ್ಲಿಯೇ ಇರಿಸುವಂತೆ ರಾಜ್ಯಪಾಲ ಶ್ರೀಪ್ರಕಾಶ ಆಜ್ಞೆ ಮಾಡಿದರು. ಮೇಲ್ಮನವಿ ಸುಪ್ರೀಂ ಕೋರ್ಟಿನ ಮುಂದಿರುವಾಗ ಅಂಥ ಆಜ್ಞೆ ನಿಲ್ಲದೆಂದು ಆ ನ್ಯಾಯಾಲಯ ತೀರ್ಮಾನಿಸಿತು. ಆದರೆ 1961ರಲ್ಲಿ ಶಿಕ್ಷೆ ಖಾಯಂ ಆದ ಮೇಲೆ, 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು. ಪಾರ್ಸಿ ಸಮುದಾಯವೂ ಪತ್ರಿಕೆಯೊಂದೂ ಆರೋಪಿಯ ಬೆನ್ನಿಗೆ ನಿಂತಿದ್ದ ಈ ಮೊಕದ್ದಮೆಯಲ್ಲಿ, ಕೊಲೆಯಾದವನ ಸಮುದಾಯದವರೇ ಆದ ಸಿಂಧಿ ವ್ಯಾಪಾರಿಯೊಬ್ಬರನ್ನೂ ಜೊತೆಗೇ ಕ್ಷಮಿಸಿ ಎರಡು ಸಮುದಾಯಗಳನ್ನು ಸಮಾಧಾನಪಡಿಸಿದ್ದು, ಕ್ಷಮಾದಾನವು ತಕ್ಕಡಿ ತೂಗುವ ರಾಜಕಾರಣವಾಗಿಯೂ ಇರಬಲ್ಲದೆಂಬುದನ್ನು ಮುಚ್ಚುಮರೆಯಿಲ್ಲದೆ ತೋರಿಸಿತು.

ರಾಷ್ಟ್ರಪತಿ ಮತ್ತು ರಾಜ್ಯಪಾಲರ ಹೆಸರಿನಲ್ಲಿರುವ ಈ ಅಧಿಕಾರ ವಾಸ್ತವದಲ್ಲಿ ಮಂತ್ರಿಮಂಡಲದ್ದು ಎಂಬುದನ್ನು 1980ರ ಮಾರೂರಾಮ್ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸ್ಪಷ್ಟಪಡಿಸಿದರು. ಇಂದಿರಾ ಗಾಂಧಿ ಹತ್ಯೆಯ ಪಿತೂರಿಗಾಗಿ ಶಿಕ್ಷೆಗೊಳಗಾದ ಕೇಹರ್ ಸಿಂಗನ 1988ರ ಪ್ರಕರಣದಲ್ಲಿ, ನ್ಯಾಯಾಲಯಗಳು ಒಪ್ಪಿದ ಸಾಕ್ಷ್ಯವನ್ನು ರಾಷ್ಟ್ರಪತಿ ಹೊಸದಾಗಿ ಪರಿಶೀಲಿಸಿ ಬೇರೆ ನಿರ್ಣಯಕ್ಕೆ ಬರಬಹುದೆಂದೂ, ಅದು ತೀರ್ಪನ್ನು ತಿದ್ದಿದಂತಲ್ಲವೆಂದೂ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕೇಹರ್ ಸಿಂಗನಿಗೆ ಕ್ಷಮೆ ದೊರೆಯಲಿಲ್ಲ. ಕಾರಣಗಳು ಸಂಬಂಧವಿಲ್ಲದವಾದರೆ ಕ್ಷಮೆಯ ಆಜ್ಞೆಯನ್ನೂ ರದ್ದುಮಾಡಬಹುದೆಂಬುದು 2006ರಲ್ಲಿ ಆಚರಣೆಗೆ ಬಂತು: ಆಂಧ್ರಪ್ರದೇಶದ ಕೈದಿಯೊಬ್ಬನಿಗೆ ರಾಜ್ಯಪಾಲರು ಕೊಟ್ಟ ಮಾಫಿಯ ಕಡತದಲ್ಲಿ ಆತ ಆಳುವ ಪಕ್ಷದ ಉತ್ತಮ ಕಾರ್ಯಕರ್ತನೆಂಬ ವರದಿ ಇದ್ದುದನ್ನು ಕಂಡು ನ್ಯಾಯಾಲಯ ಆಜ್ಞೆಯನ್ನು ತಳ್ಳಿಹಾಕಿತು.

ಈ ತೀರ್ಪುಗಳಿಗಿಂತ ಹೆಚ್ಚು ನೋವಿನ ಅಧ್ಯಾಯವೆಂದರೆ ವಿಳಂಬದ್ದು. ಅರ್ಜಿಯು ಜೈಲಿನ ಅಧೀಕ್ಷಕರಿಂದ ರಾಜ್ಯದ ಗೃಹ ಇಲಾಖೆಗೆ, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ರಾಷ್ಟ್ರಪತಿ ಭವನಕ್ಕೆ ಹೋಗಿ, ಸರ್ಕಾರ ಬದಲಾದರೆ ಮರುಪರಿಶೀಲನೆಗೆಂದು ಹಿಂದಿರುಗಿ ವರ್ಷಗಟ್ಟಲೆ ಅಲೆಯುವುದು ಸಾಮಾನ್ಯವಾಗಿತ್ತು. ಅಬ್ದುಲ್ ಕಲಾಂ ಅವರ ಐದು ವರ್ಷಗಳ ಅವಧಿಯಲ್ಲಿ ಇತ್ಯರ್ಥವಾದ ಅರ್ಜಿಗಳು ಎರಡೇ. ಅವುಗಳಲ್ಲಿ ಒಂದು ತಿರಸ್ಕಾರ, ಒಂದು ಪರಿವರ್ತನೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗಲ್ಲಿನ ನೆರಳಿನಲ್ಲಿದ್ದವನ ಶಿಕ್ಷೆ ಇಳಿಯಬೇಕೆಂದು 1983ರಲ್ಲಿ ವಾತೀಶ್ವರನ್ ಪ್ರಕರಣದ ಪೀಠ ಹೇಳಿದರೂ, ಅಂಥ ನಿಶ್ಚಿತ ಮಿತಿ ಸಲ್ಲದೆಂದು 1989ರ ತ್ರಿವೇಣಿಬೆನ್ ತೀರ್ಪು ಅದನ್ನು ಬದಿಗಿರಿಸಿತು.

ಕರ್ನಾಟಕಕ್ಕೆ ಈ ಪ್ರಶ್ನೆ ಪಾಲಾರ್ ಸ್ಫೋಟದ ಮೂಲಕ ಬಂತು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತ್ತು. ಅಪರಾಧಿಗಳೇ ಹೂಡಿದ ಮೇಲ್ಮನವಿಯ ಸಂದರ್ಭದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಮರಣದಂಡನೆಗೆ ಏರಿಸಿತು. ಆ ವರ್ಷ ಸಲ್ಲಿಸಿದ ದಯಾ ಅರ್ಜಿಗಳಿಗೆ ರಾಷ್ಟ್ರಪತಿಯ ಉತ್ತರ ಬಂದದ್ದು 2013ರ ಫೆಬ್ರವರಿಯಲ್ಲಿ, ತಿರಸ್ಕಾರದ ರೂಪದಲ್ಲಿ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರು ಮತ್ತೆ ಸುಪ್ರೀಂ ಕೋರ್ಟಿಗೆ ಹೋದರು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಸದಾಶಿವಂ ಅವರ ಪೀಠ ಈ ನಾಲ್ವರೂ ಸೇರಿದಂತೆ ಹದಿನೈದು ಮಂದಿಯ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಸಕಾರಣವಿಲ್ಲದ ವಿಳಂಬವೇ ಹಿಂಸೆ, ಅರ್ಜಿ ತಿರಸ್ಕಾರವಾದ ಮೇಲೆ ಗಲ್ಲಿಗೆ ಕನಿಷ್ಠ ಹದಿನಾಲ್ಕು ದಿನಗಳ ಅಂತರವಿರಬೇಕು ಎಂಬುವು ಆ ತೀರ್ಪಿನ ಮುಖ್ಯಾಂಶಗಳು. ಸತ್ತವರ ಮನೆಯವರಿಗೆ ಈ ತರ್ಕ ಒಪ್ಪಿಗೆಯಾಗುವುದು ಸುಲಭವಲ್ಲ; ಆದರೆ ಒಂಬತ್ತು ವರ್ಷಗಳ ಮೌನಕ್ಕೆ ಅಪರಾಧಿಗಳನ್ನು ಹೊಣೆ ಮಾಡುವುದೂ ಸಾಧ್ಯವಿರಲಿಲ್ಲ. ಅದೇ ಹಿಂಡಲಗಾದಲ್ಲಿ, ದಯಾ ಅರ್ಜಿ ತೀರ್ಮಾನವಾಗುವ ಮೊದಲೇ ಕಾನೂನುಬಾಹಿರವಾಗಿ ಒಂಟಿ ಕೋಣೆಗೆ ತಳ್ಳಿ ಹತ್ತು ವರ್ಷ ಇರಿಸಿದ್ದ ಇನ್ನೊಬ್ಬ ಅಪರಾಧಿಯ ಗಲ್ಲನ್ನು 2022ರ ನವೆಂಬರಿನಲ್ಲಿ ಇಳಿಸಲಾಯಿತು.

ರಾಜ್ಯಪಾಲರ ವಿಳಂಬಕ್ಕೂ ಉತ್ತರ ದೊರೆಯಿತು. ರಾಜೀವ್ ಗಾಂಧಿ ಹತ್ಯೆಯ ಪ್ರಕರಣದಲ್ಲಿ ಅಪರಾಧಿಗಳ ಬಿಡುಗಡೆಗೆ ತಮಿಳುನಾಡಿನ ಮಂತ್ರಿಮಂಡಲ 2018ರಲ್ಲಿ ಮಾಡಿದ ಶಿಫಾರಸು ರಾಜ್ಯಪಾಲರ ತೀರ್ಮಾನ ಕಾಣದೆ ಉಳಿದಾಗ, ಸುಪ್ರೀಂ ಕೋರ್ಟ್ 2022ರ ಮೇ 18ರಂದು ತನ್ನ ವಿಶೇಷಾಧಿಕಾರ ಬಳಸಿ ಪೇರರಿವಾಳನ್‌ನನ್ನು ಬಿಡುಗಡೆ ಮಾಡಿತು. ಇದಕ್ಕೆ ತದ್ವಿರುದ್ಧವಾದ ಸಂಗತಿಯೂ ಅದೇ ವರ್ಷ ನಡೆಯಿತು. ಸ್ವಾತಂತ್ರ್ಯಕ್ಕೆ ಎಪ್ಪತ್ತೈದು ವರ್ಷ ತುಂಬಿದ ಆಗಸ್ಟ್ 15ರಂದು, 2002ರ ಗಲಭೆಯ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳ ಹನ್ನೊಂದು ಅಪರಾಧಿಗಳನ್ನು ಗುಜರಾತ್ ಸರ್ಕಾರ ಮಾಫಿಯ ಮೇಲೆ ಬಿಡುಗಡೆ ಮಾಡಿತು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಾದ್ದರಿಂದ ಆ ಅಧಿಕಾರ ಗುಜರಾತಿಗೆ ಇರಲೇ ಇಲ್ಲವೆಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2024ರ ಜನವರಿ 8ರಂದು ಆಜ್ಞೆಯನ್ನು ರದ್ದುಗೊಳಿಸಿ ಎಲ್ಲರನ್ನೂ ಜೈಲಿಗೆ ಮರಳಿಸಿತು. ಹಬ್ಬದ ದಿನ ಸೆರೆಮನೆಯ ಬಾಗಿಲು ತೆರೆಯುವ ಪದ್ಧತಿ ಕೌಟಿಲ್ಯನ ಕಾಲದಿಂದ ಬಂದಿದ್ದರೂ, ಆ ಬಾಗಿಲಿನಿಂದ ಯಾರು ಹೊರಬರುತ್ತಾರೆಂಬುದನ್ನು ಈಗ ನ್ಯಾಯಾಲಯ ಕೇಳಬಲ್ಲದು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ತನ್ನ 472ನೆಯ ಪ್ರಕರಣದಲ್ಲಿ ಮರಣದಂಡನೆಯ ದಯಾ ಅರ್ಜಿಗೆ ಮೊದಲ ಬಾರಿಗೆ ಶಾಸನಬದ್ಧ ಗಡುವುಗಳನ್ನು ಹಾಕಿದೆ. ಮೇಲ್ಮನವಿ ವಜಾ ಆದುದನ್ನು ಜೈಲಿನ ಅಧೀಕ್ಷಕರು ತಿಳಿಸಿದ ಮೂವತ್ತು ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ರಾಜ್ಯಪಾಲರು ತಿರಸ್ಕರಿಸಿದರೆ ಅರವತ್ತು ದಿನಗಳೊಳಗೆ ರಾಷ್ಟ್ರಪತಿಗೆ ಬರೆಯಬೇಕು. ರಾಜ್ಯದ ಅಭಿಪ್ರಾಯ ಮತ್ತು ದಾಖಲೆಗಳು ಬಂದ ಅರವತ್ತು ದಿನಗಳೊಳಗೆ ಕೇಂದ್ರ ಸರ್ಕಾರ ಶಿಫಾರಸು ಮಾಡಬೇಕು. ರಾಷ್ಟ್ರಪತಿಯ ಆಜ್ಞೆಯನ್ನು ನಲವತ್ತೆಂಟು ಗಂಟೆಗಳೊಳಗೆ ರಾಜ್ಯದ ಗೃಹ ಇಲಾಖೆಗೂ ಜೈಲಿಗೂ ಮುಟ್ಟಿಸಬೇಕು. ಒಂದೇ ಮೊಕದ್ದಮೆಯ ಹಲವು ಅಪರಾಧಿಗಳ ಅರ್ಜಿಗಳು ಒಟ್ಟಿಗೇ ತೀರ್ಮಾನವಾಗಬೇಕೆಂಬ ನಿಯಮವೂ ಇದೆ. ರಾಷ್ಟ್ರಪತಿ ಆ ತೀರ್ಮಾನಕ್ಕೆ ಬಂದ ಬಗೆಯನ್ನು ಯಾವ ನ್ಯಾಯಾಲಯವೂ ವಿಚಾರಿಸಕೂಡದೆಂದು ಇದೇ ಪ್ರಕರಣದ ಕೊನೆಯ ಉಪಪ್ರಕರಣ ಹೇಳುತ್ತದೆ. ಸಂವಿಧಾನದಿಂದಲೇ ಬಂದ ನ್ಯಾಯಾಂಗ ಪರಾಮರ್ಶೆಯನ್ನು ಸಾಮಾನ್ಯ ಶಾಸನವೊಂದು ಹೀಗೆ ಮುಚ್ಚಬಲ್ಲದೇ ಎಂಬುದು ಸಹಜವಾಗಿಯೇ ಏಳುವ ಪ್ರಶ್ನೆ. ಕೈದಿಗೂ ಅವನ ಮನೆಯವರಿಗೂ ಅಧೀಕ್ಷಕರಿಗೂ ಗೃಹ ಸಚಿವಾಲಯಕ್ಕೂ ದಿನಗಳನ್ನು ಎಣಿಸಿಕೊಟ್ಟಿರುವ ಈ ಪ್ರಕರಣದಲ್ಲಿ, ರಾಜಭವನಕ್ಕಾಗಲಿ ರಾಷ್ಟ್ರಪತಿ ಭವನಕ್ಕಾಗಲಿ ಯಾವ ಗಡುವೂ ಇಲ್ಲ.